ಉಂಬರ್‌ಖೋರಿ ಕೆರೆಯ ಈಜುಗಾರ್ತಿ

ವಸಂತಿಯವರು ಬಾರ್ಕೂರಿನ ಹತ್ತಿರ ಸೀತಾನದಿಯ ದಂಡೆಯಲ್ಲಿ ಹುಟ್ಟಿದವರು. ಅಪ್ಪ ದೋಣಿಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು. ಮಗಳಿಗೆ ಈಜು ಯಾರು ಕಲಿಸಿದರೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಬೇರೆ ಮಕ್ಕಳು ಅಂಗಳದಲ್ಲಿ ಅಂಬೆಗಾಲಿಡುವ ಹೊತ್ತಿಗೆ ಇವರು ನೀರಿನಲ್ಲಿ ಕೈಕಾಲು ಬಡಿಯುತ್ತಿದ್ದರಂತೆ. ಮದುವೆಯಾಗಿ ನಾಸಿಕಕ್ಕೆ ಬಂದ ಮೇಲೆ ಆ ಮಾತೆಲ್ಲ ಮುಗಿಯಿತು. ಗಂಡ ದೇವದಾಸರಿಗೆ ಅಂಬಡ್‌ನ ಕಾರ್ಖಾನೆಗಳ ನಡುವೆ ಒಂದು ಹೋಟೆಲು. ಬೆಳಗಿನ ಪಾಳಿಯವರಿಗೆ ಇಡ್ಲಿ ಸಾಂಬಾರ್, ರಾತ್ರಿಪಾಳಿ ಮುಗಿಸಿ ಬಂದವರಿಗೆ ಮಿಸಳ್. ವಸಂತಿಯವರು ಹಿಟ್ಟು ಹುಳಿಬರಿಸುವ ಲೆಕ್ಕಾಚಾರದಲ್ಲಿ, ಮಕ್ಕಳ ಶಾಲೆಯಲ್ಲಿ, ಅಡುಗೆಭಟ್ಟರ ಜಗಳ ಬಿಡಿಸುವುದರಲ್ಲಿ ಮೂವತ್ತು ವರ್ಷ ಕಳೆದರು. ಅಷ್ಟೂ ವರ್ಷ ಸ್ನಾನದ ಬಕೆಟ್ಟಿನ ನೀರು ಬಿಟ್ಟರೆ ಬೇರೆ ನೀರು ಅವರ ಮೈ ಸೋಕಲಿಲ್ಲ.

ಐವತ್ತೈದು ದಾಟಿದ ಮೇಲೆ ಮಂಡಿನೋವು ಶುರುವಾಯಿತು. ಮೆಟ್ಟಿಲು ಹತ್ತುವುದು ಬಿಡಿ, ಇಲ್ಲವೇ ಈಜಿ ಎಂದರು ಡಾಕ್ಟರು. ಹೋಟೆಲಿನ ಮೇಲೆಯೇ ಮನೆ, ಮೆಟ್ಟಿಲು ಬಿಡುವಂತಿರಲಿಲ್ಲ. ಈಜುಕೊಳಕ್ಕೆ ಹೋಗಲು ನಾಚಿಕೆ. ಹೀಗಿರುವಾಗ ಒಮ್ಮೆ ದೇವದಾಸರ ಹಳೆಯ ಗೆಳೆಯ ಶಶಿಕಾಂತ ಪಾಟೀಲರು ಇಬ್ಬರನ್ನೂ ದಿಂಡೋರಿ ಕಡೆಯ ತಮ್ಮ ದ್ರಾಕ್ಷಿತೋಟಕ್ಕೆ ಊಟಕ್ಕೆ ಕರೆದರು. ತೋಟದ ಕೆಳಗೇ ಉಂಬರ್‌ಖೋರಿ ಕೆರೆ. ಊಟವಾಗಿ ಗಂಡಸರು ದ್ರಾಕ್ಷಿ ದರದ ಮಾತಿನಲ್ಲಿದ್ದಾಗ ವಸಂತಿಯವರು ಕೆರೆಯವರೆಗೆ ನಡೆದುಹೋದರು. ಸ್ವಲ್ಪ ಹೊತ್ತಿನ ಮೇಲೆ ಹುಡುಕಿಕೊಂಡು ಬಂದ ದೇವದಾಸರಿಗೆ ದಡದಲ್ಲಿ ಹೆಂಡತಿಯ ಚಪ್ಪಲಿ, ಕನ್ನಡಕ ಮತ್ತು ಕೈಗಡಿಯಾರ ಮಾತ್ರ ಕಂಡವು. ಅವರು ಹೆಂಡತಿಯ ಹೆಸರು ಹಿಡಿದು ಕೂಗಿದರು. ಅಷ್ಟರಲ್ಲಿ ಕೆರೆಯ ನಡುವಿನಿಂದ ಒಂದು ಕೈ ಮೇಲೆದ್ದು ಬೀಸಿತು. ಸೀರೆಯನ್ನು ಕಚ್ಚೆ ಹಾಕಿಕೊಂಡು, ಬೆನ್ನಮೇಲೆ ತೇಲುತ್ತಾ, ವಸಂತಿಯವರು ನಗುತ್ತಿದ್ದರು.

ಅಂದಿನಿಂದ ಹೋಟೆಲಿಗೆ ರಜೆ ಇರುವ ದಿನವೆಲ್ಲ ಅವರು ಕೆರೆಗೆ. ಮೊದಲು ಒಬ್ಬರೇ, ಆಮೇಲೆ ಪಕ್ಕದ ಮನೆಯ ಶಿಕ್ಷಕಿ, ಅವರ ತಂಗಿ, ಬ್ಯಾಂಕಿನ ಇಬ್ಬರು ಹೆಂಗಸರು. ವರ್ಷ ಕಳೆಯುವ ಹೊತ್ತಿಗೆ ಅದೊಂದು ದೊಡ್ಡ ಗುಂಪೇ ಆಯಿತು. ಈಜು ಬರದವರಿಗೆ ವಸಂತಿಯವರೇ ಹೇಳಿಕೊಟ್ಟರು. ಹೊಟ್ಟೆಯ ಕೆಳಗೆ ಅಂಗೈ ಹಿಡಿದು, "ನೀರಿಗೆ ಹೆದರ್ಬೇಡಿ, ಅದು ನಿಮ್ಮನ್ನು ಎತ್ತಿಕೊಳ್ತದೆ" ಎನ್ನುವರು. ಮರಾಠಿ ಹೆಂಗಸರಿಗೆ ಆ ಕನ್ನಡ ಅರ್ಥವಾಗದಿದ್ದರೂ ಅಂಗೈ ಅರ್ಥವಾಗುತ್ತಿತ್ತು.

ಮೂರನೆಯ ವರ್ಷ ಮಳೆಗಾಲ ಮುಗಿದು ಬಿಸಿಲೇರುವ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕೆರೆ ಹಸಿರಾಗಿತ್ತು. ದಡದ ಉದ್ದಕ್ಕೂ ಪಿಸ್ತಾ ಬಣ್ಣ ಸುರಿದ ಹಾಗೆ. ಹೆಂಗಸರು ಚೆಂದವೆಂದು ಫೋಟೋ ತೆಗೆದುಕೊಂಡರು, ಎಂದಿನಂತೆ ಈಜಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೈಮೇಲೂ ಕೆಂಪು ಗಂದೆ, ಕಣ್ಣುರಿ. ನೀರು ಕುಡಿದ ಇಬ್ಬರಿಗೆ ವಾಂತಿ. ಎರಡು ದಿನದಲ್ಲಿ ಎಲ್ಲರೂ ಸರಿಹೋದರು. ವಸಂತಿಯವರು ಮಾತ್ರ ಸುಮ್ಮನಿರಲಾಗದೆ, ಏನಾಯಿತೆಂದು ನೋಡಲು ಮತ್ತೆ ಕೆರೆಗೆ ಹೋದರು.

ಏರಿಯ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಎದುರಿಗೆ ಸತ್ತ ಮೇಕೆ. ಅವಳು ತನ್ನಷ್ಟಕ್ಕೆ ಅಳುತ್ತಾ ಆಡುತ್ತಿದ್ದ ಮಾತು ಕನ್ನಡವಾಗಿತ್ತು. ವಸಂತಿಯವರು ಹೋಗಿ ಪಕ್ಕದಲ್ಲಿ ಕೂತು ಏನಾಯ್ತು ಅಂತ ಕೇಳಿದರು. ಅವಳು ಕಣ್ಣು ಒರೆಸಿಕೊಂಡು ನೋಡಿದಳು.

"ನೀವು ನಮ್ಮ ಕಡಿಯವ್ರೇನ್ರಿ?"

"ನಿಮ್ಮ ಕಡೆ ಅಲ್ಲ, ಉಡುಪಿ ಕಡೆ. ಆದ್ರೂ ಕನ್ನಡವೇ ಅಲ್ವಾ."

ಅವಳ ಹೆಸರು ಸುಮಂಗಲಾ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವಳು. ಗಂಡ ಸಾಯಬಣ್ಣ ಹೊಸ ರಸ್ತೆಯ ಸೇತುವೆ ಕೆಲಸದಲ್ಲಿದ್ದ, ಇವಳು ದ್ರಾಕ್ಷಿತೋಟಗಳಲ್ಲಿ ಬಳ್ಳಿ ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳಂತೆ ಬಂದವರ ತಗಡಿನ ಮನೆಗಳು ಕೆರೆಯ ಏರಿಯ ಆಚೆಗಿದ್ದವು. ಅವರೆಲ್ಲ ಕುಡಿಯುವುದು ಕೆರೆಯ ಅಂಚಿನಲ್ಲಿ ತೋಡಿದ ಒರತೆಯ ನೀರು. ಮೇಕೆ ನೇರವಾಗಿ ಕೆರೆಗೇ ಬಾಯಿ ಹಾಕಿತ್ತು. ಮೇಕೆಗೆ ಗೌರಿ ಎಂದು ಹೆಸರಿಟ್ಟಿದ್ದೆ, ಕರೆದರೆ ಓ ಎನ್ನುತ್ತಿತ್ತು ಎಂದು ಸುಮಂಗಲಾ ಹೇಳಿದಳು.

ಇಬ್ಬರೂ ಹೀಗೆ ಕೂತಿದ್ದಾಗಲೇ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದಳು. ಛತ್ರಪತಿ ಸಂಭಾಜಿನಗರದಲ್ಲಿ ಕೆರೆಗಳ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದ ನೀರಜಾ. ತಂದೆತಾಯಿ ಬೀದರಿನವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಸಂಭಾಜಿನಗರದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಮರಾಠಿ ನುಗ್ಗಿಬಿಡುತ್ತಿತ್ತು. ಕೆರೆಯ ನಡುವೆ ಕುಂಬಳಕಾಯಿಯಂತೆ ತೇಲುತ್ತಿದ್ದ ಕಿತ್ತಳೆ ಬಣ್ಣದ ಯಂತ್ರ ಅವಳದೇ. ನೀರಿನ ಬಿಸಿ, ನೀರೊಳಗಿನ ಪಾಚಿಯ ಬಣ್ಣ ಅಳೆದು ಅವಳ ಫೋನಿಗೆ ತಿಳಿಸುತ್ತಿತ್ತು. ಹೊಲತೋಟಗಳ ಗೊಬ್ಬರ ಮಳೆಯಲ್ಲಿ ತೊಳೆದು ಕೆರೆಗೆ ಬಂದು, ಮೇಲೆ ಬಿಸಿಲು ಬಿದ್ದು ಗಾಳಿ ನಿಂತರೆ ನೀಲಿ ಹಸಿರು ಪಾಚಿ ಹೆಚ್ಚುತ್ತದೆ, ಅದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ ಎಂದು ಅವಳು ವಿವರಿಸಿದಳು. ನಾಲ್ಕು ದಿನ ಮೊದಲೇ ಯಂತ್ರ ಅದನ್ನು ಹಿಡಿದಿತ್ತಂತೆ.

ಸತ್ತ ಮೇಕೆಯನ್ನು ನೋಡಿ ಅವಳು ಸುಮಂಗಲಾಳ ಪಕ್ಕದಲ್ಲೇ ಕೂತಳು. ಅವಳನ್ನು ಮರಾಠಿಯಲ್ಲಿ ಚಿಕ್ಕಮ್ಮಾ ಎಂದು ಕರೆದು ಹೇಳಿದಳು: "ಮಾವಶಿ, ಮಶೀನ್ ನನಗ ಹೇಳ್ತು. ನಾನು ನೀರಿನ ಇಲಾಖೆ ಆಫೀಸಿಗೆ ಮೆಸೇಜ್ ಕಳಿಸ್ದೆ. ಪಣ್ ನಿಮಗ ಯಾರೂ ಹೇಳಲೇ ಇಲ್ಲ. ಇದು ನನಗ ಮೊದಲೇ ಹೊಳೀಬೇಕಿತ್ತು."

ಆ ಮೂವರ ಸ್ನೇಹ ಶುರುವಾದದ್ದು ಹೀಗೆ.

ನೀರಜಾಗೆ ತನ್ನ ಯಂತ್ರದ ಕೊರತೆ ಚೆನ್ನಾಗಿ ಗೊತ್ತಿತ್ತು. ಅದು ಕೆರೆಯ ನಡುವೆ ಒಂದೇ ಕಡೆ ತೇಲುತ್ತದೆ, ಪಾಚಿಯನ್ನು ಗಾಳಿ ಯಾವ ದಡಕ್ಕೆ ದೂಡಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಕೆರೆಯ ಬೇರೆ ಬೇರೆ ಕಡೆಯಿಂದ ನೀರು ತೆಗೆದು ನೋಡುವವರು ಬೇಕು. ಅವಳಿಗೋ ಸಂಭಾಜಿನಗರದಿಂದ ಬಸ್ಸು ಹಿಡಿದು ವಾರಕ್ಕೊಮ್ಮೆ ಬರುವುದೇ ಕಷ್ಟ. ಅದನ್ನು ಕೇಳಿದೊಡನೆ ವಸಂತಿಯವರು, ತಾವು ಹೇಗೂ ಈಜುತ್ತೇವಲ್ಲ, ನೀರು ತರುವುದಕ್ಕೇನು ಕಷ್ಟ ಎಂದರು. ನೀರಜಾ ಹಗ್ಗ ಕಟ್ಟಿದ ಬಾಟಲಿ ಕೊಟ್ಟಳು, ಅದನ್ನು ನೀರಿನಾಳಕ್ಕೆ ಇಳಿಸಿ ತುಂಬುವುದು ತೋರಿಸಿದಳು. ನೀರು ಬಾಯಿಗೆ ಹೋಗಬಾರದು, ಬಣ್ಣ ಕಂಡರೆ ಇಳಿಯಲೇಬಾರದು ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಳು. ಶಶಿಕಾಂತರು ಟ್ರ್ಯಾಕ್ಟರಿನ ಹಳೆಯ ಟ್ಯೂಬೊಂದನ್ನು ಕೊಟ್ಟರು. ಹೆಂಗಸರು ಅದರಲ್ಲಿ ಬಾಟಲಿಗಳನ್ನಿಟ್ಟು, ತಳ್ಳಿಕೊಂಡು ಈಜುತ್ತಾ ಕೆರೆಯ ಮೂಲೆಮೂಲೆಯ ನೀರು ತರತೊಡಗಿದರು.

ನೀರನ್ನು ಪರೀಕ್ಷಿಸಲು ನೀರಜಾ ಒಂದು ಸುಲಭದ ದಾರಿ ಹೇಳಿಕೊಟ್ಟಳು. ಗಾಜಿನ ಜಾಡಿಗೆ ನೀರು ಹಾಕಿ, ಅಲುಗಾಡಿಸದೆ ತಣ್ಣಗಿನ ಜಾಗದಲ್ಲಿ ಒಂದು ರಾತ್ರಿ ಇಡಬೇಕು. ಹಸಿರು ತಳಕ್ಕೆ ಕೂತರೆ ಸಾಧಾರಣ ಪಾಚಿ, ಅಷ್ಟೇನೂ ಭಯವಿಲ್ಲ. ಮೇಲಕ್ಕೆ ತೇಲಿ ಕತ್ತಿನ ಹತ್ತಿರ ಬಳೆಯಂತೆ ನಿಂತರೆ ಅನುಮಾನಪಡಬೇಕು, ಕೂಡಲೇ ಅವಳಿಗೆ ತಿಳಿಸಬೇಕು, ಸ್ವಲ್ಪ ನೀರು ಪ್ರಯೋಗಾಲಯಕ್ಕೆ ಕಳಿಸಬೇಕು.

ಜಾಡಿಗಳಿಗೆ ಹೋಟೆಲಿನಲ್ಲಿ ಬರವಿಲ್ಲ. ಉಪ್ಪಿನಕಾಯಿಯ ಜಾಡಿಗಳು ತೊಳೆದು ಬಂದವು. ರಾತ್ರಿ ಹಿಟ್ಟಿನ ಪಕ್ಕದಲ್ಲಿ ಫ್ರಿಜ್ಜಿನೊಳಗೆ ಇರುತ್ತಿದ್ದ ಅವು ಬೆಳಿಗ್ಗೆ ಗಲ್ಲಾದ ಪಕ್ಕದ ಕಟ್ಟೆಗೆ ಬರುತ್ತಿದ್ದವು. ಬೆಳಕು ಚೆನ್ನಾಗಿ ಬೀಳುವುದು ಅಲ್ಲಿಯೇ. ದೇವದಾಸರು ಮೊದಲ ವಾರ ಮುಖ ಊದಿಸಿಕೊಂಡೇ ಇದ್ದರು. ಒಮ್ಮೆ ಲಾರಿ ಚಾಲಕನೊಬ್ಬ ಜಾಡಿ ತೋರಿಸಿ ಈ ಹಸಿರು ಶರಬತ್ತು ಒಂದು ಲೋಟ ಕೊಡಿ ಎಂದು ಕೇಳಿಬಿಟ್ಟ. ದೇವದಾಸರು ಗಾಬರಿಯಿಂದ ಜಾಡಿಯನ್ನು ಎದೆಗವಚಿಕೊಂಡರು, ಇದು ಕುಡಿಯುವುದಲ್ಲ, ಕೆರೆ ಎಂದರು. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಿಸಲು ಹೋಗಿ ಇವರು ಗೊಬ್ಬರ, ಬಿಸಿಲು, ಗಾಳಿ ಎಲ್ಲವನ್ನೂ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ಅವರಿಗೇ ಅದರಲ್ಲಿ ರುಚಿ ಹತ್ತಿತು. ಆಮೇಲೆ ದೋಸೆಗೆ ಕಾಯುವ ಯಾರಿಗೂ ಅವರ ಪಾಚಿಪಾಠದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಅಡುಗೆಮನೆಯೊಳಗಿಂದ ವಸಂತಿಯವರು ಕೇಳಿಸಿಕೊಂಡು, ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಇನ್ನು ಎಚ್ಚರಿಕೆಯನ್ನು ಜನಕ್ಕೆ ಮುಟ್ಟಿಸುವ ಕೆಲಸ. ಕೆರೆಗೆ ಹತ್ತಿರವಿದ್ದವರ ಫೋನುಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಲಾಯಿತು. ಓದಲು ಬಾರದವರು ಹಲವರಿದ್ದುದರಿಂದ ದನಿಯಲ್ಲೇ ಸಂದೇಶ ಕಳಿಸುವುದೆಂದಾಯಿತು. ಮರಾಠಿಯಲ್ಲಿ ಪಕ್ಕದ ಮನೆಯ ಶಿಕ್ಷಕಿ, ಕನ್ನಡದಲ್ಲಿ ವಸಂತಿಯವರು.

ಮೊದಲ ಎಚ್ಚರಿಕೆ ಏಪ್ರಿಲಿನಲ್ಲಿ ಹೋಯಿತು, ಮತ್ತು ಅದು ತಪ್ಪಾಯಿತು. ಕೆರೆಯೆಲ್ಲ ಒಂದೇ ಸಮ ಹಸಿರಾದುದನ್ನು ಕಂಡ ವಸಂತಿಯವರು ಜಾಡಿಯ ಹಸಿರು ಎಲ್ಲಿ ನಿಲ್ಲುತ್ತದೆಂದು ನೋಡುವವರೆಗೆ ಕಾಯಲಿಲ್ಲ, ನೀರಜಾಳನ್ನು ಕೇಳಲಿಲ್ಲ, ಗೌರಿಯ ನೆನಪಿನಲ್ಲಿ ಕೂಡಲೇ ಸಂದೇಶ ಕಳಿಸಿದರು. ತಗಡಿನ ಮನೆಗಳವರು ಉರಿಬಿಸಿಲಿನಲ್ಲಿ ದೂರದ ಶಶಿಕಾಂತರ ಕೊಳವೆಬಾವಿಯಿಂದ ನೀರು ಹೊತ್ತರು. ಮರುದಿನ ಬೆಳಿಗ್ಗೆ ಜಾಡಿಯ ಹಸಿರೆಲ್ಲ ತಳದಲ್ಲಿ ಮಲಗಿತ್ತು. ನೀರಜಾ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸಾಧಾರಣ ಪಾಚಿ ಎಂದಳು. ಬೇಸಿಗೆಯಲ್ಲಿ ತೋಟದ ನೀರು ಖರ್ಚಾಯಿತೆಂದು ಶಶಿಕಾಂತರಿಗೆ ಬೇಸರ. ಮನೆಗಳವರಿಗೆ ಬೆನ್ನುನೋವು.

ವಸಂತಿಯವರು ಸುಮಂಗಲಾಳ ಮನೆಗೇ ಹೋಗಿ ಅವಸರ ಮಾಡಿದೆ ಎಂದು ಒಪ್ಪಿಕೊಂಡರು. ಸುಮಂಗಲಾ ಚಹಾ ಕಾಸಿಕೊಟ್ಟಳು. ಅವಳಿಗೆ ತಪ್ಪಿನ ಬಗ್ಗೆ ಸಿಟ್ಟಿರಲಿಲ್ಲ, ಹೇಳಬೇಕಾದ ಮಾತು ಬೇರೆಯೇ ಇತ್ತು.

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕನ್ನಡ ನಮ್ಮ ಮಂದಿಗಿ ತಿಳಿಯಂಗಿಲ್ರಿ. 'ಪಾಚಿಯ ಸಾಧ್ಯತೆ ಉಂಟು' ಅಂದ್ರಿ. ಅರ್ಧ ಮಂದಿ ಪಾಚಿ ಅಂದ್ರ ಏನಂತ ಕೇಳಿದ್ರು. ನಾವು ಹಾವಸಿ ಅಂತೀವ್ರಿ. ಇನ್ನ 'ಉಂಟು' ಅಂದದ್ದಕ್ಕ ಹುಡುಗೂರು ಇವತ್ತಿಗೂ ನಗ್ತಾವ್ರಿ."

ವಸಂತಿಯವರು ಚಹಾದ ಲೋಟ ಕೆಳಗಿಟ್ಟು ಜೋರಾಗಿ ನಕ್ಕರು. ನಗು ನಿಂತ ಮೇಲೆ, ಹಾಗಾದರೆ ಮುಂದಿನ ಸಲ ನೀನೇ ಹೇಳು ಎಂದರು. ಸುಮಂಗಲಾ ಒಲ್ಲೆ ಎಂದಳು. ಫೋನಿನ ಮುಂದೆ ಮಾತಾಡಲು ತನಗೆ ಬಾಯಿ ಒಣಗುತ್ತದೆ ಎಂದಳು. ಕೊನೆಗೆ ಒಪ್ಪಿದ್ದು ಸಾಯಬಣ್ಣ ಕೆಣಕಿದ ಮೇಲೆ. ದಿನವಿಡೀ ನನ್ನ ಮೇಲೆ ಹಾಯುವ ಬಾಯಿ ಫೋನಿನ ಮುಂದೆ ಮಾತ್ರ ಒಣಗುತ್ತದೆಯೇ ಎಂದು ಅವನು ಕೇಳಿದ್ದ.

ಆ ತಪ್ಪಿನಿಂದ ಎಲ್ಲರೂ ಕಲಿತರು. ಬರೀ ಬಣ್ಣ ನೋಡಿ ಯಾರೂ ಏನೂ ಹೇಳಬಾರದು. ಯಂತ್ರದ ಮಾತು, ಜಾಡಿಯ ಮಾತು, ನೀರಜಾಳ ಸೂಕ್ಷ್ಮದರ್ಶಕದ ಮಾತು ಮೂರೂ ಕೂಡಿದ ಮೇಲೆಯೇ ಸಂದೇಶ ಎಂದು ಗೊತ್ತುಮಾಡಿಕೊಂಡರು. ನೀರಜಾ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ತೆಗೆದು ನೋಡಿ, ಎಷ್ಟು ಬಿಸಿಗೆ, ಎಷ್ಟು ದಿನ ಗಾಳಿ ನಿಂತರೆ ಪಾಚಿ ಏಳುತ್ತದೆ ಎಂದು ತನ್ನ ಯಂತ್ರದ ಅಳತೆಗಳನ್ನು ತಿದ್ದಿದಳು.

ಮತ್ತೆ ಅಕ್ಟೋಬರ್ ಬಂತು. ಹೆಂಗಸರು ಆ ವರ್ಷ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಒಟ್ಟಾಗಿ ಈಜಿ ದಾಟುವುದೆಂದು ನಿಶ್ಚಯಿಸಿದ್ದರು. ಬೇಸಿಗೆಯ ಬೇಸರ ಮರೆತ ಶಶಿಕಾಂತರು ಊಟ ತಮ್ಮದೆಂದರು. ನೆಂಟರಿಷ್ಟರಿಗೆಲ್ಲ ಹೇಳಿಯಾಗಿತ್ತು, ಬದನೆಕಾಯಿ ಭರೀತ್ ಮಾಡಲು ಬುಟ್ಟಿಗಟ್ಟಲೆ ಬದನೆ ಬಂದಿತ್ತು.

ಹಿಂದಿನ ದಿನ ಹಾಕಿಟ್ಟ ಜಾಡಿಗಳನ್ನು ವಸಂತಿಯವರು ಈಜಿನ ದಿನ ಬೆಳಿಗ್ಗೆ ಹೊರತೆಗೆದರು. ಮೂಡಣ ದಡದಿಂದ ತಂದ ನೀರಿನ ಜಾಡಿಯ ಕತ್ತಿನಲ್ಲಿ ನೂಲೆಳೆಯಷ್ಟು ತೆಳ್ಳನೆಯ ಹಸಿರು ಬಳೆ ಇತ್ತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ದೇವದಾಸರನ್ನು ಕರೆದು ತೋರಿಸಿದರು. ಅವರಿಗೂ ಕಂಡಿತು. ನೀರಜಾಗೆ ಫೋನು ಮಾಡಿದರೆ, ನಾನೇ ಮಾಡಲಿದ್ದೆ ಎಂದಳು. ಎರಡು ದಿನದಿಂದ ಯಂತ್ರದ ಅಳತೆ ಮೇಲೇರುತ್ತಿದೆ, ಗಾಳಿ ನಿಂತಿದೆ. ಅವಳು ಹಿಂದಿನ ರಾತ್ರಿಯೇ ನಾಸಿಕಕ್ಕೆ ಬಂದಿದ್ದಳು, ಸೂಕ್ಷ್ಮದರ್ಶಕ ಜೊತೆಯಲ್ಲೇ ಇತ್ತು. ಕೂಡಲೇ ಹೋಟೆಲಿಗೆ ಬಂದು, ಮೇಜಿನ ಮೇಲೆಯೇ ಅದನ್ನಿಟ್ಟು ಒಂದು ಹನಿ ನೋಡಿ, ಇದು ವಿಷ ಬಿಡುವ ಜಾತಿಯೇ ಎಂದಳು. ಆಮೇಲೆ ವಸಂತಿಯವರಿಗೂ ತೋರಿಸಿದಳು. ಬೆಳಕಿನ ವೃತ್ತದಲ್ಲಿ ಸಣ್ಣ ಸಣ್ಣ ಕಾಳುಗಳ ಮುದ್ದೆಗಳು, ಸಾಬೂದಾಣಿ ಬೆಂದ ಹಾಗೆ. ಎಷ್ಟು ಚೆಂದ ಉಂಟಲ್ಲ ಎಂದರು ವಸಂತಿಯವರು, ಮತ್ತು ಬೇಸರದಿಂದ ನಿಟ್ಟುಸಿರುಬಿಟ್ಟರು.

ತೋಟಕ್ಕೆ ಹೋಗಿ ನೋಡಿದರೆ ಕೆರೆ ಕನ್ನಡಿಯಂತಿತ್ತು. ತಳದ ಕಲ್ಲು ಕಾಣುವಷ್ಟು ತಿಳಿ. ಹೆಂಗಸರು ಈಜುಡುಗೆ ತೊಟ್ಟು, ಟೊಪ್ಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ವಸಂತಿಯವರು ಅವರ ಮುಂದೆ ನಿಂತು, ಇವತ್ತು ಇಳಿಯುವಂತಿಲ್ಲ ಎಂದರು.

ಶಶಿಕಾಂತರು ನೀರಿನ ಕಡೆ ಕೈತೋರಿಸಿ ಮರಾಠಿಯಲ್ಲಿ ಕೇಳಿದರು, ಶೇವಾಳ, ನಿಮ್ಮ ಪಾಚಿ, ಎಲ್ಲಿದೆ, ನನಗೆ ತೋರಿಸಿ. ಏಪ್ರಿಲಿನ ಕಥೆಯೇ ಇದೂ ಆದರೆ? ನೀರಜಾ ನಿಧಾನವಾಗಿ ವಿವರಿಸಿದಳು: ಪಾಚಿ ಈಗ ಮೇಲ್ಮೈಯಿಂದ ಕೆಳಗೆ ಹರಡಿಕೊಂಡಿದೆ, ಕಣ್ಣಿಗೆ ಕಾಣುವಷ್ಟು ಒತ್ತಾಗಿಲ್ಲ. ಗಾಳಿ ಹೀಗೇ ನಿಂತಿದ್ದರೆ ಎಲ್ಲವೂ ಮೇಲೆದ್ದು ಬರುತ್ತದೆ. ಬಾರದೆಯೂ ಇರಬಹುದು, ಖಂಡಿತ ಎಂದು ಹೇಳಲಾರೆ ಎಂದೂ ಸೇರಿಸಿದಳು. ಆ ಕೊನೆಯ ಮಾತಿಗೆ ಕೆಲವರು ಗೊಣಗಿದರು.

ವಸಂತಿಯವರು ಆ ಗೊಣಗಾಟ ಕೇಳಿಸಿಕೊಂಡರು. ಆದರೂ ಮಾತು ಬದಲಿಸಲಿಲ್ಲ. "ನೋಡಿ, ನಾಳೆ ಎಂತ ಆಗ್ತದೋ ನನಗೂ ಗೊತ್ತಿಲ್ಲ. ನಾನು ಇವತ್ತು ಇಳಿಯುದಿಲ್ಲ, ನಿಮ್ಮನ್ನೂ ಇಳಿಸುದಿಲ್ಲ. ತಪ್ಪಾದ್ರೆ ಬೈಯಿರಿ, ಕೇಳಿಕೊಳ್ತೇನೆ" ಎಂದು ಕನ್ನಡದಲ್ಲೇ ಹೇಳಿ, ಅದನ್ನೇ ಮರಾಠಿಯಲ್ಲೂ ಹೇಳಿದರು. ತಮ್ಮ ಟೊಪ್ಪಿ ತೆಗೆದು ಚೀಲಕ್ಕೆ ಹಾಕಿಕೊಂಡರು. ಮೊದಲು ಪಕ್ಕದ ಮನೆಯ ಶಿಕ್ಷಕಿ, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ತೆಗೆದರು. ಶಶಿಕಾಂತರು ತಲೆ ಕೆರೆದುಕೊಂಡು ಕೊಳವೆಬಾವಿಯ ಮೋಟರ್ ಹಾಕಲು ಹೋದರು.

ಅಷ್ಟರಲ್ಲಿ ಸುಮಂಗಲಾಳ ದನಿ ಹೊರಟಿತ್ತು. ಅವಳು ಬಳ್ಳಿಗಳ ನಡುವೆ ನಿಂತು, ಸೆರಗು ತಲೆಗೆ ಹೊದ್ದು, ಯಾರಿಗೂ ಮುಖ ತೋರಿಸದೆ ಫೋನಿಗೆ ಮಾತಾಡಿದ್ದಳು:

"ಅಕ್ಕಾರ, ಅಣ್ಣಾರ, ನಾ ಸುಮಂಗಲಾ ಮಾತಾಡಾಕತ್ತೀನ್ರಿ. ಕೆರಿಯಾಗ ವಿಷದ ಹಾವಸಿ ಏಳೂ ಹಂಗ ಐತ್ರಿ. ನೀರು ತಿಳಿ ಕಾಣತೈತಿ, ನಂಬಬ್ಯಾಡ್ರಿ. ಒರತಿ ನೀರು ಕುಡಿಬ್ಯಾಡ್ರಿ, ಕಾಸಿ ಕುಡದ್ರೂ ವಿಷ ಹೋಗಂಗಿಲ್ರಿ. ಆಡು, ಎಮ್ಮಿ ಕಟ್ಟಿ ಹಾಕ್ರಿ. ಪಾಟೀಲರ ಬೋರಿನ ನೀರು ಬಿಟ್ಟಾರ, ಕೊಡ ತಗೊಂಡ್ ಬರ್ರಿ. ನನ್ನ ಗೌರಿ ಹ್ಯಾಂಗ್ ಹೋತಂತ ನಿಮಗ ಗೊತ್ತೈತಿ."

ತೋಟದ ಸಾಲುಸಾಲುಗಳಿಂದ, ಸೇತುವೆ ಕೆಲಸದ ಕಡೆಯಿಂದ, ತಗಡಿನ ಮನೆಗಳಿಂದ ಒಂದಾದ ಮೇಲೊಂದು ಫೋನಿನಲ್ಲಿ ಅದೇ ದನಿ ಕೇಳಿಸತೊಡಗಿತು. ಈ ಸಲ ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಶಶಿಕಾಂತರ ಅಂಗಳಕ್ಕೆ ಕೊಡಗಳು ಬಂದವು. ಕೊಡಗಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಆಡುಗಳು. ಕಟ್ಟಿಹಾಕಲು ಗೂಟ ಸಾಲದೆ ಆಡುಗಳನ್ನು ಟ್ರ್ಯಾಕ್ಟರಿಗೂ ಕಟ್ಟಿದರು. ಭರೀತ್ ಆಗಿತ್ತು, ರೊಟ್ಟಿ ಸಾಲದೆನಿಸಿದಾಗ ಸುಮಂಗಲಾ ಮತ್ತು ಜೊತೆಯ ಹೆಂಗಸರು ಕೂತು ಜೋಳದ ರೊಟ್ಟಿ ಬಡಿದರು. ಈಜಲು ಬಂದವರು, ನೀರಿಗೆ ಬಂದವರು, ನೆಂಟರು ಎಲ್ಲ ಒಂದೇ ಪಂಕ್ತಿಯಲ್ಲಿ ಉಂಡರು. ಶಶಿಕಾಂತರು ತಟ್ಟೆ ಹಿಡಿದು ಓಡಾಡುತ್ತಾ, ಶೇವಾಳ ಬರಲಿ ಬಿಡಲಿ ಇಷ್ಟು ಜನ ನನ್ನ ಮಗಳ ಮದುವೆಗೂ ಬಂದಿರಲಿಲ್ಲ ಎಂದು ಹೇಳುತ್ತಿದ್ದರು.

ಮೂರನೆಯ ದಿನ ಕೆರೆ ಹಸಿರಾಯಿತು. ಮೂಡಣ ದಡದಲ್ಲಿ ಬಣ್ಣದ ಡಬ್ಬಿ ಮಗುಚಿದಂತೆ ದಪ್ಪ ಕೆನೆ. ಶಶಿಕಾಂತರೇ ಫೋಟೋ ತೆಗೆದು ಗುಂಪಿಗೆ ಹಾಕಿದರು. ಆ ಹಸಿರು ಇಳಿಯುವವರೆಗೂ ಬೋರಿನ ನೀರು ಹರಿಯಿತು. ಯಾರ ಮೈಗೂ ಗಂದೆ ಏಳಲಿಲ್ಲ, ಒಂದು ಆಡೂ ಸಾಯಲಿಲ್ಲ. ಮರುವಾರ ನೀರಿನ ಇಲಾಖೆಯವರೊಬ್ಬರು ಬಂದು, ಮುಂದೆ ನೀರಜಾಳ ಸಂದೇಶ ತಮಗೆ ಬಂದಾಗಲೇ ಈ ಗುಂಪಿಗೂ ಬರಲಿ ಎಂದು ವ್ಯವಸ್ಥೆ ಮಾಡಿಹೋದರು.

ದಾಟುವ ಈಜು ಡಿಸೆಂಬರಿನಲ್ಲಿ ನಡೆಯಿತು. ನೀರು ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಎಲ್ಲರಿಗಿಂತ ಮೊದಲು ಆಚೆ ದಡ ಮುಟ್ಟಿದ್ದು ಬ್ಯಾಂಕಿನವರು. ವಸಂತಿಯವರು ಹಿಂದುಳಿದವರ ಜೊತೆ ಮಾತಾಡುತ್ತಾ, ಅವರಿಗೆ ಧೈರ್ಯ ಹೇಳುತ್ತಾ, ಎಲ್ಲರಿಗಿಂತ ಕೊನೆಯಲ್ಲಿ ಬಂದರು.

ಸಂಕ್ರಾಂತಿ ಕಳೆದ ಮೇಲೆ ನೀರಜಾ ವಸಂತಿಯವರನ್ನೂ ಸುಮಂಗಲಾಳನ್ನೂ ಸಂಭಾಜಿನಗರಕ್ಕೆ ಕರೆಸಿದಳು. ಊರಿನ ಹೊರಗಿನ ಇನ್ನೊಂದು ಕೆರೆಗೆ ಅದೇ ವ್ಯವಸ್ಥೆ ಮಾಡಬೇಕಿತ್ತು. ಅಲ್ಲಿಯೂ ದಡದಲ್ಲಿ ಕಟ್ಟಡ ಕೆಲಸದವರ ಮನೆಗಳಿದ್ದವು, ಹೆಚ್ಚಿನವರು ಕಲಬುರಗಿ ಕಡೆಯವರು. ಬಸ್ಸಿನಲ್ಲಿ ಸುಮಂಗಲಾ ಕಿಟಕಿಯ ಪಕ್ಕ ಕೂತಳು. ಕೆಲಸಕ್ಕಲ್ಲದೆ ಊರು ಬಿಟ್ಟು ಊರಿಗೆ ಹೋಗುವುದು ಇದೇ ಮೊದಲು ಎಂದಳು, ದಾರಿಯುದ್ದಕ್ಕೂ ಕಣ್ಣು ಮುಚ್ಚಲಿಲ್ಲ.

ಆ ಕೆರೆಯ ದಡದಲ್ಲಿ ಮಹಿಬೂಬ ಎಂಬ ಗೌಂಡಿಯ ಮನೆಯ ಮುಂದೆ ಜನ ಸೇರಿದರು. ವಸಂತಿಯವರು ಜಾಡಿ ತೋರಿಸಿ ಹೇಳಿದರು, ಸುಮಂಗಲಾ ಅದನ್ನು ತನ್ನ ಮಾತಿನಲ್ಲಿ ಮತ್ತೆ ಹೇಳಿದಳು. ಎಲ್ಲ ಕೇಳಿದ ಮೇಲೆ ಮಹಿಬೂಬ ಗಡ್ಡ ನೀವಿಕೊಂಡು, ಇಲ್ಲಿ ದನಿ ಯಾರದ್ದಿರಬೇಕು ಎಂದು ಕೇಳಿದ. ಜನರೆಲ್ಲ ಒಟ್ಟಿಗೆ ಅವನ ಹೆಂಡತಿಯ ಕಡೆ ತಿರುಗಿದರು. ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಅವಳು ನಾಚಿ ಒಳಗೆ ಓಡಿದಳು. ಸುಮಂಗಲಾ ಎದ್ದು, ಅವಳನ್ನು ಕರೆತರಲು ಒಳಗೆ ಹೋದಳು. ಒಳಗಿನಿಂದ ಮೊದಲು ಪಿಸುಮಾತು ಕೇಳಿತು, ಆಮೇಲೆ ಇಬ್ಬರೂ ನಗುವುದು ಕೇಳಿತು.

ಹೊರಗೆ ವಸಂತಿಯವರು ಹೊಸ ಕೆರೆಯನ್ನು ದಿಟ್ಟಿಸಿ ನೋಡುತ್ತಿದ್ದರು. ನೀರು ಹೇಗುಂಟು, ತಳದಲ್ಲಿ ಕೆಸರೋ ಮರಳೋ ಎಂದು ನೀರಜಾಳನ್ನು ಕೇಳಿದರು. ಅವಳು ಉತ್ತರಿಸುವ ಮೊದಲೇ ಚಪ್ಪಲಿ ಬಿಟ್ಟು, ಬೆರಳ ತುದಿಯಿಂದ ನೀರು ಎಷ್ಟು ತಣ್ಣಗಿದೆಯೆಂದು ನೋಡಲು ದಡದತ್ತ ಇಳಿದರು.